ಗಾರ್ಡ್ ಕಾಕಾ ಹುಡುಕಿದ ಬೆಂಚು

ಗಾರ್ಡ್ ಕಾಕಾ ಅವರ ಬಲಗೆನ್ನೆ ಎಡಗೆನ್ನೆಗಿಂತ ಕಪ್ಪಗಿತ್ತು. ಕತ್ತೂ ಬಲಕ್ಕೇ ತುಸು ವಾಲಿತ್ತು. ದೌಂಡದಿಂದ ಸೋಲಾಪುರದ ಕಡೆ ಹೋಗುವ ಗೂಡ್ಸ್ ಗಾಡಿಗಳ ಕಟ್ಟಕಡೆಯ ಡಬ್ಬಿಯಲ್ಲಿ ಒಬ್ಬರೇ ನಿಂತು, ಬಲಬದಿಯ ಬಿಸಿಲಿಗೆ ಹೊರಗೆ ಬಗ್ಗಿ ಬಗ್ಗಿ ನೋಡುತ್ತ ನೌಕರಿಯನ್ನೆಲ್ಲ ಕಳೆದವರು. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಆ ಕಪ್ಪು ಹೋಗಲಿಲ್ಲ, ಕತ್ತು ನೆಟ್ಟಗಾಗಲಿಲ್ಲ. ಯಾರಾದರೂ ಅದನ್ನು ಎತ್ತಿ ಆಡಿದರೆ ನಗುತ್ತಿದ್ದರು. "ಎಂಜಿನ್‌ನ್ಯಾಂವಗ ಮುಂದ ಬರೂದು ಕಾಣಸ್ತದ. ಗಾರ್ಡಿಗೆ ಏನಿದ್ರೂ ದಾಟಿ ಹೋದ ಮ್ಯಾಲ ಕಾಣೂದ್ರಿ, ತಂಗಿ" ಎನ್ನುತ್ತಿದ್ದರು.

ನಾನು ತಿಪಟೂರಿನವಳು. ಆಫೀಸು ವಿಮಾನ ನಗರದಲ್ಲಿ, ಬಾಡಿಗೆ ಮನೆ ಯೆರವಡಾದ ಒಂದು ಹಳೆಯ ಕಟ್ಟಡದ ಎರಡನೇ ಮಹಡಿಯಲ್ಲಿ. ನಲವತ್ತರ ಹತ್ತಿರದ ಒಂಟಿ ಹೆಂಗಸಿಗೆ ಮನೆ ಕೊಡುವವರು ಕೇಳುವ ಪ್ರಶ್ನೆಗಳ ಬಗ್ಗೆ ಬೇರೆಯೇ ಬರೆಯಬೇಕು, ಇಲ್ಲಿ ಬೇಡ. ಬಂದ ಹೊಸತರಲ್ಲಿ ಮೆಟ್ಟಿಲು ಹತ್ತುತ್ತ ಅಮ್ಮನ ಜೊತೆ ಫೋನಿನಲ್ಲಿ ಜಗಳವಾಡುತ್ತಿದ್ದೆ. ಕೆಳಮನೆಯ ಬಾಗಿಲು ತೆರೆಯಿತು. ಲುಂಗಿ, ಬಿಳಿ ಟೋಪಿಯ ಮುದುಕರೊಬ್ಬರು ಇಣುಕಿ, "ನೀವು ಕನ್ನಡದವ್ರೇನ್ರಿ?" ಎಂದರು. ಹೌದು ಎಂದೆ. "ಜಗಳಾ ಮುಗಿಸಿ ಬರ್ರಿ, ಚಹಾ ಮಾಡ್ತೀನಿ" ಎಂದು ಒಳಗೆ ಹೋದರು. ವಯಸ್ಸಿನಲ್ಲಿ ನಾನು ಅವರ ಮಗಳಿಗಿಂತಲೂ ಚಿಕ್ಕವಳು. ಆದರೂ ಕೊನೆಯವರೆಗೆ ಅವರು ನನಗೆ 'ರೀ' ಬಿಡಲಿಲ್ಲ. ಕಾಕಾ ಎಂದು ಕರೆಯಲು ಕಲಿತದ್ದು ಕಟ್ಟಡದ ಮರಾಠಿ ಜನರಿಂದ. ಅವರಿಗೆಲ್ಲ ಅವರು ಗಾರ್ಡ್ ಕಾಕಾ.

ಕಾಕು, ಅಂದರೆ ಅವರ ಹೆಂಡತಿ, ನಾನು ಬರುವ ಹೊತ್ತಿಗೆ ಇರಲಿಲ್ಲ. ಅವರನ್ನು ನಾನು ಕಂಡದ್ದೆಲ್ಲ ಕಾಕಾ ಅವರ ಮಾತಿನಲ್ಲಿ. ದೌಂಡದ ರೈಲ್ವೆ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತು ಗಂಡನಿಗಾಗಿ ಕಾಯುವುದೇ ಆಕೆಯ ಬಾಳಾಗಿತ್ತು. ಗೂಡ್ಸ್ ಗಾಡಿಗೆ ಹೊತ್ತುಗೊತ್ತಿಲ್ಲ. ಸಿಗ್ನಲ್ ಸಿಗದೆ ಬಯಲಲ್ಲಿ ನಿಂತರೆ ಇಡೀ ಹಗಲು ನಿಂತೇಬಿಡುತ್ತದೆ. ಇಂದು ಬರುತ್ತೇನೆಂದು ಹೋದವರು ನಾಳೆ ಬರುತ್ತಿದ್ದರು, ನಾಡಿದ್ದು ಬರುತ್ತಿದ್ದರು. ಆಕೆ ಕೂತಿರುತ್ತಿದ್ದರು. ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಪಕ್ಕದಲ್ಲಿ ಕೂರಿಸಿಕೊಳ್ಳುತ್ತಿದ್ದರಂತೆ. ನಿವೃತ್ತಿಯ ನಂತರ ಯೆರವಡಾಕ್ಕೆ ಬಂದ ಮೇಲೂ ಆ ಚಾಳಿ ಹೋಗಲಿಲ್ಲ. ಸಂಜೆ ಬಸ್ ಸ್ಟಾಪಿಗೆ ಹೋಗಿ ಕೂರುತ್ತಿದ್ದರು, ಬಸ್ಸು ಹತ್ತಲು ಅಲ್ಲ, ಮಂದಿಯನ್ನು ನೋಡಲು.

ಪುಣೆಯಲ್ಲಿ ಒಂದು ಪದ್ಧತಿಯಿದೆ. ಮನೆಯವರು ತೀರಿಕೊಂಡರೆ ಅವರ ಹೆಸರಲ್ಲಿ ಒಂದು ಸಿಮೆಂಟಿನ ಬೆಂಚು ಮಾಡಿಸಿ ಉದ್ಯಾನದಲ್ಲೋ ರಸ್ತೆ ಬದಿಯಲ್ಲೋ ಇಡಿಸುತ್ತಾರೆ. ಒರಗುವ ಹಲಗೆಯ ಮೇಲೆ ಮರಾಠಿಯಲ್ಲಿ ಇಂಥವರ ಸ್ಮರಣಾರ್ಥ ಎಂದಿರುತ್ತದೆ. ಊರ ತುಂಬ ಇಂಥ ಬೆಂಚುಗಳು. ಜನ ಅವುಗಳ ಮೇಲೆ ಕೂತು ವಡಾಪಾವ್ ತಿನ್ನುತ್ತಾರೆ, ಯಾರ ಬೆನ್ನಿಗೆ ಯಾರ ಹೆಸರು ತಗಲುತ್ತಿದೆ ಎಂದು ನೋಡುವುದಿಲ್ಲ. ಕಾಕಾ ಮಾತ್ರ ನೋಡುತ್ತಿದ್ದರು. ಯಾವ ಬೆಂಚಿನ ಮೇಲೂ ಹೆಸರು ಓದದೆ ಕೂತವರಲ್ಲ. "ಪಾಟೀಲ ಅಜ್ಜಾರ, ಸ್ವಲ್ಪ ಕುಂದರತೀವ್ರಿ" ಎಂದು ಸತ್ತವರ ಅಪ್ಪಣೆ ಕೇಳಿ ಆಮೇಲೆ ಕೂರುತ್ತಿದ್ದರು. ಮೊದಲ ಸಲ ನನಗೆ ನಾಚಿಕೆಯಾಗಿ ಸುತ್ತ ನೋಡಿದ್ದೆ.

ಅವರೂ ಕಾಕು ಹೆಸರಿನಲ್ಲಿ ಬಸ್ ಸ್ಟಾಪಿನ ಹತ್ತಿರ ಒಂದು ಬೆಂಚು ಇಡಿಸಿದ್ದರು. ಆದರೆ ಅದರ ಮೇಲೆ ಬರೆಸಿದ್ದು ಕನ್ನಡದಲ್ಲಿ, ಬರೀ ಕನ್ನಡದಲ್ಲಿ. ಮರಾಠಿ ಪೇಂಟರನಿಗೆ ಕಾಗದದ ಮೇಲೆ ದೊಡ್ಡದಾಗಿ ಬರೆದುಕೊಟ್ಟು, ಎದುರು ನಿಂತು ಒಂದೊಂದೇ ಒತ್ತಕ್ಷರ ತಿದ್ದಿಸಿದ್ದರು. ಮೇಲಿನ ಸಾಲಿನಲ್ಲಿ ಹೆಸರು, ಕೆಳಗಿನ ಸಾಲಿನಲ್ಲಿ ಆಕೆ ದಿನವೂ ಹೇಳುತ್ತಿದ್ದ ಮಾತು: ಬರ್ರಿ, ಕುಂದರ್ರಿ.

"ಕಾಕಾ, ಇಲ್ಲಿ ಕನ್ನಡ ಓದೋರು ಯಾರಿದಾರೆ? ಮರಾಠೀಲೂ ಒಂದು ಸಾಲು ಹಾಕಿಸಬಹುದಿತ್ತಲ್ಲ" ಎಂದಿದ್ದೆ.

"ಅಕಿಗೆ ಮರಾಠಿ ಓದಾಕ ಬರ್ತಿದ್ದಿಲ್ರಿ. ತನ್ನ ಹೆಸರು ತಾ ಓದಬೇಕಲ್ರಿ ಮೊದಲ" ಎಂದರು.

ನಾನು ಚಹಾ ಕುಡಿದೆ.

ಆ ಬೆಂಚು ಕಳೆದುಹೋಯಿತು. ರಸ್ತೆ ಅಗಲ ಮಾಡುವಾಗ ಗುತ್ತಿಗೆದಾರರ ಲಾರಿ ಬಂದು ಆ ಸಾಲಿನ ಬೆಂಚುಗಳನ್ನೆಲ್ಲ ಹೇರಿಕೊಂಡು ಹೋಯಿತಂತೆ. ಕಾಕಾ ಆಗ ಮಗಳ ಮನೆಗೆ ನಾಗಪುರಕ್ಕೆ ಹೋಗಿದ್ದರು. ಬಂದು ನೋಡಿದರೆ ಅಲ್ಲಿ ಹೊಸ ಫುಟ್‌ಪಾತು. ಯಾರನ್ನು ಕೇಳಿದರೂ ಯಾವುದೋ ಉದ್ಯಾನಕ್ಕೆ ಹಾಕಿದ್ದೇವೆ ಎಂಬ ಉತ್ತರ. ಯಾವ ಬೆಂಚು, ಏನಂತ ಬರೆದಿತ್ತು ಎಂದು ಅವರು ಕೇಳಿದರೆ, ಕಾಕಾ ಹೇಳಿದ್ದು ಅವರಿಗೆ ತಿಳಿಯುತ್ತಿರಲಿಲ್ಲ. ಯಾರಿಗೂ ಓದಲು ಬಾರದ ಬೆಂಚನ್ನು ಗುರುತಿಟ್ಟುಕೊಳ್ಳುವವರು ಯಾರು? ಮಗಳೂ ದೌಂಡದ ಮರಾಠಿ ಶಾಲೆಯಲ್ಲಿ ಓದಿದವಳು. ಕನ್ನಡ ಆಡುತ್ತಾಳೆ, ಅಕ್ಷರ ಬಾರದು. "ನನ್ನ ಹಿಂದ ಅಕಿ ಹೆಸರು ಓದಾವ್ರು ಯಾರೂ ಇಲ್ರಿ. ನಾ ಇರೂದ್ರಾಗ ಅದು ಸಿಗಬೇಕು" ಎಂದು ಒಮ್ಮೆ ಹೇಳಿದರು. ಅವರು ಗೋಳಾಡುವ ಮನುಷ್ಯರಲ್ಲ. ಅದೊಂದು ಸಲ ಮಾತ್ರ ಹಾಗೆ ಹೇಳಿದ್ದು.

ಆ ಹೊತ್ತಿಗೆ ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪಿನಲ್ಲಿ ಒಂದು ಫೋಟೋ ಸ್ಪರ್ಧೆ ಬಂತು. ವಿಷಯ, ಪುಣೆಯ ಸ್ಮಾರಕಗಳು. ಒಬ್ಬರಿಗೆ ಒಂದೇ ಫೋಟೋ. ಕ್ಯಾಮೆರಾ ಪಂಡಿತರು ದೂರ ಇರಬೇಕು, ಇದು ಸುಮ್ಮನೆ ಸ್ನೇಹಕ್ಕೆ ಎಂದು ಒಕ್ಕಣೆ. ನಡೆಸುವವರು ಕುಂದಾಪುರದ ಕಡೆಯ ಹೋಟೆಲ್ ಅಣ್ಣ. ತಮ್ಮ ಹೋಟೆಲಿನ ಮೇಲ್ಮಹಡಿಯ ಹಾಲಿನಲ್ಲಿ ಫೋಟೋಗಳನ್ನು ಅಂಟಿಸಿ, ಎಲ್ಲರಿಗೂ ಊಟ ಹಾಕುವುದು ಅವರ ಏರ್ಪಾಡು. ನಾನು ಹೆಸರು ಕೊಟ್ಟೆ. ಕಲೆಯ ಮೇಲಿನ ಪ್ರೀತಿಯಿಂದಲ್ಲ. ಪುಣೆಯಲ್ಲಿ ನನಗೆ ಭಾನುವಾರವೆಂದರೆ ಭಯ. ಸೋಮವಾರದ ಬಟ್ಟೆಗೆ ಬೆಳಿಗ್ಗೆಯೇ ಇಸ್ತ್ರಿ ಹಾಕಿ ಮುಗಿಸಿ, ಉಳಿದ ಹಗಲನ್ನು ಏನು ಮಾಡಬೇಕೆಂದು ತಿಳಿಯದೆ ಗೋಡೆ ನೋಡುವವಳು ನಾನು.

ಕಾಕಾಗೆ ಹೇಳಿದೆ. ಅವರು, "ನಾನೂ ಬರ್ತೀನ್ರಿ. ಫೋಟೋ ತಗೀಲಿಕ್ಕೆ ಅಂದ್ರ ಎಲ್ಲಾ ಉದ್ಯಾನದಾಗೂ ಒಳಗ ಬಿಡ್ತಾರ. ಹುಡುಕಲಿಕ್ಕೆ ಅಂದ್ರ ಹುಚ್ಚ ಅಂತಾರ" ಎಂದರು.

ಹೀಗೆ ಭಾನುವಾರಗಳು ತುಂಬಿದವು. ನನ್ನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಅವರು, ಬಲಕ್ಕೆ ವಾಲಿದ ಕತ್ತಿನಿಂದ ರಸ್ತೆ ಬದಿಯನ್ನೇ ನೋಡುತ್ತ. ನನಗೆ ಶನಿವಾರವಾಡಾ ಕೋಟೆಯ ದೊಡ್ಡ ಬಾಗಿಲು ಬೇಕು, ಅವರಿಗೆ ಅದರ ಹೊರಗಿನ ಬೆಂಚು ಬೇಕು. ನಾನು ಕ್ಯಾಂಪಿನ ಸೈನಿಕರ ಸ್ಮಾರಕದ ಎದುರು ಬೆಳಕಿಗಾಗಿ ಕಾಯುತ್ತಿದ್ದರೆ ಅವರು ಕಾಂಪೌಂಡಿನ ಉದ್ದಕ್ಕೂ ನಡೆದು ಒಂದೊಂದೇ ಬೆಂಚು ಓದಿ ಬರುತ್ತಿದ್ದರು. ಕಣ್ಣಿಗೆ ಪೊರೆ ಬಂದಿತ್ತು, ಬಗ್ಗಿ ಹತ್ತಿರದಿಂದಲೇ ಓದಬೇಕು. ಫೋಟೋಗಳನ್ನೂ ತೆಗೆಯುತ್ತಿದ್ದರು. ಎಲ್ಲದರಲ್ಲೂ ಒಂದು ಮೂಲೆಯಲ್ಲಿ ಅವರ ಹೆಬ್ಬೆರಳು. "ಕಾಕಾ, ಸ್ಪರ್ಧೆಗೆ ಈ ಬೆರಳನ್ನೇ ಕಳಿಸೋಣ" ಎಂದರೆ, "ಹಸಿರು ಬಾವುಟಾ ಹಿಡದ ಬೆರಳ್ರಿ ಅದು, ಬಿಡೂದಿಲ್ಲ" ಎನ್ನುತ್ತಿದ್ದರು.

ಎಷ್ಟು ಉದ್ಯಾನ ಸುತ್ತಿದೆವೋ. ಪ್ರತಿ ಸಲ ಬರಿಗೈಯಲ್ಲಿ ಮರಳುವಾಗ ಅವರದು ಒಂದೇ ಮಾತು: "ಊರಿಗೆ ಬಂದಾಕಿ ನೀರಿಗೆ ಬರದ ಇರ್ತಾಳೇನ್ರಿ." ಸ್ಕೂಟರಿನ ಕನ್ನಡಿಯಲ್ಲಿ ಅವರ ಮುಖ ಕಾಣುತ್ತಿತ್ತು. ಇಡೀ ಶಹರದಲ್ಲಿ ತಮ್ಮದೆನ್ನುವ ಒಂದು ಸಿಮೆಂಟಿನ ಹಲಗೆಯೂ ಉಳಿಯಲಿಲ್ಲ ಎಂಬ ಮುಖ. ಗೂಡ್ಸ್ ಗಾಡಿಯ ಕಡೆಯ ಡಬ್ಬಿಯಲ್ಲಿ ಒಬ್ಬರೇ ಹೇಗಿರುತ್ತಿದ್ದಿರಿ ಎಂದು ಒಮ್ಮೆ ಸಿಗ್ನಲಿನಲ್ಲಿ ನಿಂತಾಗ ಕೇಳಿದ್ದಕ್ಕೆ, "ಆಗ ಒಬ್ಬಾವ ಅಂತ ಅನಸ್ತಿದ್ದಿಲ್ರಿ. ಎಲ್ಲೋ ಒಬ್ಬಾಕಿ ಕುಂತಾಳ ಅಂತ ಗೊತ್ತಿತ್ತು" ಎಂದಿದ್ದರು. ನನಗಾಗಿ ಎಲ್ಲಿಯೂ ಯಾರೂ ಕೂತಿಲ್ಲ ಎಂಬುದು ಆ ಕ್ಷಣ ನನಗೆ ಹೊಳೆಯಿತು. ಹಸಿರು ಬಿದ್ದಿತ್ತು, ಹಿಂದಿನವನು ಹಾರ್ನ್ ಹೊಡೆದ, ಗಾಡಿ ಬಿಟ್ಟೆ.

ಫೋಟೋ ಕಳಿಸಲು ಕೊನೆಯ ಭಾನುವಾರ. ಅಂದು ದೂರದ ಉದ್ಯಾನವೊಂದರಲ್ಲೂ ಸಿಗಲಿಲ್ಲ. ಕಾಕಾ ದಣಿದಿದ್ದರು. ಮನೆಗೆ ಹೋಗೋಣ ಎಂದರು. ಯೆರವಡಾ ಜೈಲಿನ ರಸ್ತೆಗೆ ಬಂದಾಗ ಚಹಾದ ಗಾಡಿಯ ಹತ್ತಿರ ನಿಲ್ಲಿಸಿದೆ. ಅಲ್ಲಿ ಜೈಲಿನ ಗೋಡೆಗೆ ಬೆನ್ನು ಮಾಡಿ, ಹೊಸದಾಗಿ ಹಾಕಿದ ಬೆಂಚುಗಳ ಒಂದು ಸಾಲಿತ್ತು. ಒಳಗಿರುವವರ ಕಡೆಯವರು ಕೂರುವ ಜಾಗ. ಭೇಟಿಯ ದಿನವಲ್ಲದಿದ್ದರೂ ಬಂದು ಕೂರುತ್ತಾರೆ ಎಂದು ಚಹಾದವನು ಹೇಳಿದ. ನಾವು ದಿನವೂ ಓಡಾಡುವ ದಾರಿ ಅದು. ಆ ಬೆಂಚುಗಳ ತುಂಬ ಯಾವಾಗಲೂ ಜನ ಒರಗಿ ಕೂತಿರುತ್ತಿದ್ದುದರಿಂದ ಹಲಗೆಗಳು ಕಂಡೇ ಇರಲಿಲ್ಲ.

ಅಂದು ಒಂದು ಬೆಂಚಿನಲ್ಲಿ ಕೂತಿದ್ದ ಹೆಂಗಸು ಬಾಟಲಿಗೆ ನೀರು ತುಂಬಿಸಲು ಎದ್ದಳು. ಅವಳು ಎದ್ದ ಜಾಗದಲ್ಲಿ ಗುಂಡಗುಂಡಗಿನ ಅಕ್ಷರಗಳು. ಮರಾಠಿ ಅಲ್ಲ. ತೆಲುಗೂ ಅಲ್ಲ. ಕತ್ತು ಓರೆ ಮಾಡಿ, ಇನ್ನೂ ಓರೆ ಮಾಡಿ ನೋಡಿದೆ. ಹಲಗೆಯನ್ನು ತಲೆಕೆಳಗಾಗಿ ಕೂರಿಸಿದ್ದರು. ಓದಲು ಬಾರದವರಿಗೆ ಮೇಲೆ ಯಾವುದು, ಕೆಳಗೆ ಯಾವುದು?

"ಕಾಕಾ, ಇಲ್ಲಿ ಬನ್ನಿ" ಎಂದೆ.

ಚಹಾದ ಲೋಟ ಹಿಡಿದೇ ಬಂದರು. ಬೆಂಚಿನ ಹಿಂದೆ ನಿಂತು, ಮೇಲಿನಿಂದ ಬಗ್ಗಿದರು. ಟೋಪಿ ಕೆಳಗೆ ಬಿತ್ತು. ಬೆರಳಿನಿಂದ ಒಂದೊಂದು ಅಕ್ಷರ ಸವರುತ್ತ ಓದಿದರು. ಹೊತ್ತಾಯಿತು. ಆಮೇಲೆ ನೆಟ್ಟಗಾಗಿ, "ತೆಲಿ ಕೆಳಗ ಮಾಡ್ಯಾರ್ರಿ ಅಕಿನ್ನ" ಎಂದರು. ಅಷ್ಟೇ. ಕಣ್ಣೀರು ಕಪ್ಪು ಕೆನ್ನೆಯ ಮೇಲೂ ಬಿಳಿ ಕೆನ್ನೆಯ ಮೇಲೂ ಇಳಿಯುತ್ತಿತ್ತು. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ್ದೆವು. ನನಗೂ ಅಳು ಬಂತು.

ನೀರು ತಂದ ಹೆಂಗಸು ತನ್ನ ಜಾಗದಲ್ಲಿ ಇವರೇಕೆ ನಿಂತಿದ್ದಾರೆಂದು ಗಾಬರಿಯಾದಳು. ಕಾಕಾ ಅವಳಿಗೆ ಮರಾಠಿಯಲ್ಲಿ, ಕೂತುಕೋ ತಾಯಿ, ಒಂದು ಫೋಟೋ ಅಷ್ಟೇ, ನಿನ್ನ ಮುಖ ಬರುವುದಿಲ್ಲ ಎಂದರು. ಅವಳು ಒಂದು ತುದಿಗೆ ಸರಿದು ಜೈಲಿನ ಕಡೆ ಮುಖ ತಿರುಗಿಸಿ ಕೂತಳು.

ಫೋಟೋ ತೆಗೆಯಲು ಕಾಕಾ ನನ್ನ ಫೋನನ್ನೇ ತಲೆಕೆಳಗಾಗಿ ಹಿಡಿದರು. ಹೆಸರು ನೆಟ್ಟಗೆ ಬರಲಿ ಎಂದು. ಆದರೆ ಈಗಿನ ಫೋನುಗಳು ಬಹಳ ಜಾಣ. ಹೇಗೆ ಹಿಡಿದರೂ ಜಗತ್ತನ್ನು ನೆಟ್ಟಗೆ ಮಾಡಿಯೇ ತೋರಿಸುತ್ತವೆ. ತೆಗೆದ ಫೋಟೋದಲ್ಲಿ ಗೋಡೆ, ಮರ, ಹೆಂಗಸು ಎಲ್ಲ ಸರಿಯಾಗಿ, ಹೆಸರೊಂದೇ ಉಲ್ಟಾ. "ಇದಕ್ಕೂ ಓದಾಕ ಬರೂದಿಲ್ಲೇನ್ರಿ" ಎಂದು ಕಾಕಾ ಬೇಸರಪಟ್ಟರು. ನಾನು ಅದನ್ನು ತಿರುಗಿಸಿ ಕೊಟ್ಟೆ. ಆಗ ಹೆಸರು ನೆಟ್ಟಗಾಯಿತು. ಜೈಲಿನ ಗೋಡೆ, ರಸ್ತೆ, ಮರ, ಕೂತವಳ ಸೀರೆಯ ಸೆರಗು ಎಲ್ಲ ಆಕಾಶದಿಂದ ಇಳಿಬಿದ್ದಂತಾದವು. "ಇದ ಖರೇ ಫೋಟೋ. ಇದನ್ನ ಕಳಸ್ರಿ" ಎಂದರು. ಬೆರಳು ಅದರಲ್ಲೂ ಇತ್ತು.

ಹೋಟೆಲಿನ ಹಾಲಿಗೆ ಇಬ್ಬರೂ ಹೋದೆವು. ಕಾಕಾ ಇಸ್ತ್ರಿ ಮಾಡಿದ ಬಿಳಿ ಷರ್ಟು ಹಾಕಿಕೊಂಡಿದ್ದರು. ಗೋಡೆಯ ತುಂಬ ಶನಿವಾರವಾಡಾದ ಬಾಗಿಲಿನ ಮೊಳೆಗಳು. ನಮ್ಮ ಐಟಿ ಹುಡುಗರಿಗೆ ಪುಣೆಯಲ್ಲಿ ಬೇರೆ ಸ್ಮಾರಕವೇ ಗೊತ್ತಿಲ್ಲವೇನೋ. ನನ್ನ ಸೈನಿಕರ ಸ್ಮಾರಕ ಮೂಲೆಯಲ್ಲಿತ್ತು, ಚೆನ್ನಾಗಿಯೇ ಬಂದಿತ್ತು ಎಂದು ಈಗಲೂ ನನ್ನ ಅಭಿಪ್ರಾಯ. ಕಿಟಕಿಯ ಪಕ್ಕ ಕಾಕಾ ಅವರ ಫೋಟೋ. ಅದರಲ್ಲಿ ಮರ ನೆಟ್ಟಗಿತ್ತು, ಗೋಡೆ ನೆಟ್ಟಗಿತ್ತು, ಹೆಂಗಸು ನೆಟ್ಟಗೆ ಕೂತಿದ್ದಳು. ಹೆಸರು ಉಲ್ಟಾ.

ಹೋಟೆಲ್ ಅಣ್ಣ ಸಂತೋಷದಿಂದ ಬಂದರು. "ನಿಮ್ಮದು ತಿರುಗಿ ಬಂದಿತ್ತು ಮಾರಾಯ್ರೆ. ಪಾಪ, ಪ್ರಾಯ ಆದವರು, ಫೋನು ಹಿಡಿಯುವಾಗ ಎಂತದೋ ಆಗಿರ್ಬೇಕು ಅಂತ ನಾನೇ ಸರಿ ಮಾಡಿ ಅಂಟಿಸಿದೆ" ಎಂದರು. ಯಾರೋ ಇಬ್ಬರು ಬೆಂಚಿನ ಫೋಟೋ ಸ್ಮಾರಕವಾಗುವುದು ಹೇಗೆ ಎಂದು ಹಿಂದೆ ನಗುತ್ತಿದ್ದರು. ಕಾಕಾ ಫೋಟೋವನ್ನೇ ನೋಡುತ್ತ ನಿಂತರು. ಸಿಟ್ಟಿಲ್ಲ, ದೂರಿಲ್ಲ. "ಇರ್ಲಿ ಬಿಡ್ರಿ, ಛಲೋ ಅಂಟಿಸ್ಯಾರ" ಎಂದು ಮೆಲ್ಲಗೆ ಹೇಳಿ, ಕುರ್ಚಿ ಹುಡುಕಲು ತಿರುಗಿದರು. ಬಯಲಲ್ಲಿ ನಿಂತ ಗಾಡಿಯಲ್ಲಿ ಸಿಗ್ನಲಿಗೆ ಕಾದು ಕಾದು ಅಭ್ಯಾಸವಾದವರು. ನನಗೆ ಆ ಅಭ್ಯಾಸವಿಲ್ಲ. ನನ್ನ ಬಾಯಿ ಕೆಟ್ಟದ್ದು ಎಂದು ಅಮ್ಮ ಸುಮ್ಮನೆ ಹೇಳುವುದಿಲ್ಲ.

ನಾನು ಹೋಗಿ ಟೇಪು ಕಿತ್ತೆ. "ಅಣ್ಣಾ, ಇದು ಸರಿಯಾಗೇ ಇತ್ತು" ಎಂದು ಫೋಟೋವನ್ನು ತಿರುಗಿಸಿ ಮತ್ತೆ ಅಂಟಿಸಿದೆ. ದನಿ ಜೋರಾಗಿತ್ತು ಎಂದು ಕಾಣುತ್ತದೆ, ಜನ ಸೇರಿದರು. ಜೈಲು, ಮರ, ಹೆಂಗಸು ಎಲ್ಲ ತಲೆಕೆಳಗಾದವು. ಅಕ್ಷರಗಳು ನೆಟ್ಟಗೆ ನಿಂತವು. ಕನ್ನಡ ಬಲ್ಲವರು ಎದುರಿಗೆ ಅಕ್ಷರ ಕಂಡರೆ ಓದದೆ ಇರಲಾರರು, ಅಂಗಡಿಯ ಬೋರ್ಡನ್ನೂ ಬಿಡುವವರಲ್ಲ. ಒಬ್ಬ ಅಜ್ಜಿ ಹೆಸರನ್ನು ಬಾಯಿಬಿಟ್ಟು ಓದಿದರು. ಪಕ್ಕದವರು ಓದಿದರು. ನಗುತ್ತಿದ್ದವರೂ ಓದಿದರು. ಮಂಗಳೂರಿನ ದನಿ, ಬೆಂಗಳೂರಿನ ದನಿ, ಬೀದರಿನ ದನಿ. ಹೆಸರು, ಆಮೇಲೆ 'ಬರ್ರಿ, ಕುಂದರ್ರಿ'. ಆ ಹಾಲಿನಲ್ಲಿ ಎಲ್ಲರ ಬಾಯಲ್ಲೂ ಕಾಕು ಬಂದು ಹೋದರು.

ಆ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ಯೆರವಡಾಕ್ಕೆ ಹೋಗಿ ಕತ್ತು ತಿರುಗಿಸಿ ಓದಿಕೊಳ್ಳಲಿ.

ಕಾಕಾ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು. "ಅಕಿ ಹೆಸರು ಹಿಡದು ಇಷ್ಟ ಮಂದಿ ಕರದದ್ದು ಇದ ಮೊದಲ್ರಿ. ದೌಂಡದಾಗ ಎಲ್ಲಾರೂ ಗಾರ್ಡ್ ಸಾಹೇಬ್ರ ಮನಿಯವ್ರು ಅಂತಿದ್ರು. ನಾನೂ ಒಂದ ಸಲಾನೂ ಕರದಿಲ್ಲ. ನಮ್ಮ ಕಡೆ ಕರೀತಿದ್ದಿಲ್ಲ" ಎಂದರು. ಹೋಟೆಲ್ ಅಣ್ಣನಿಗೆ ಆಗ ಎಲ್ಲ ತಿಳಿಯಿತು. ಮುಖ ಸಣ್ಣದು ಮಾಡಿಕೊಂಡು, ಕಾಕಾ ಅವರನ್ನು ಕೈಹಿಡಿದು ಎಲೆಯ ಮುಂದೆ ಕೂರಿಸಿ ತಾವೇ ಬಡಿಸಿದರು. ಬಹುಮಾನ ಶನಿವಾರವಾಡಾಕ್ಕೇ ಹೋಯಿತು, ಅದಿರಲಿ.

ಹಲಗೆ ತಿರುಗಿಸಲು ಮೇಸ್ತ್ರಿಯನ್ನು ಕರೆದುಕೊಂಡು ಹೋದೆವು. ಬೋಲ್ಟು ಬಿಚ್ಚಿದರೆ ಸಿಮೆಂಟು ಸೀಳಬಹುದು ಎಂದ. ಕಾಕಾ ಬೇಡವೆಂದರು. "ಇರ್ಲಿ. ಕಾಯಾವ್ರ ನಡುವ ಹಾಕ್ಯಾರ. ಅಕಿಗೆ ರೂಢಿ ಅದ" ಎಂದರು. ಆಮೇಲಿನ ಭಾನುವಾರಗಳಲ್ಲಿ ನಾವು ಎಲ್ಲೂ ಹೋಗಲಿಲ್ಲ, ಅಲ್ಲಿಗೇ ಹೋದೆವು. ಬೆಂಚಿನಲ್ಲಿ ಜಾಗವಿದ್ದರೆ ಕೂರುವುದು, ಇಲ್ಲದಿದ್ದರೆ ಚಹಾದ ಗಾಡಿಯ ಹತ್ತಿರ ನಿಲ್ಲುವುದು.

ಕಳೆದ ಮಳೆಗಾಲದಲ್ಲಿ ಒಂದು ಮಧ್ಯಾಹ್ನ ಊಟ ಮಾಡಿ ಮಲಗಿದವರು ಏಳಲಿಲ್ಲ. ನಾನು ಆಫೀಸಿನಲ್ಲಿದ್ದೆ. ನಾಗಪುರದಿಂದ ಮಗಳು ಬಂದು ಎಲ್ಲ ಮುಗಿಸಿದಳು. ಹೋಗುವ ಮುಂಚೆ ಬೆಂಚು ತೋರಿಸಿ ಎಂದಳು. ಕರೆದುಕೊಂಡು ಹೋದೆ. ಅಕ್ಷರಗಳ ಮೇಲೆ ಕೈಯಿಟ್ಟು, "ಯಾವುದು ಅವ್ವನ ಹೆಸರು?" ಎಂದು ಕೇಳಿದಳು. ತೋರಿಸಿದೆ. ಈಗ ಕೆಳಮನೆಗೆ ಬೇರೆ ಬಾಡಿಗೆಯವರು ಬಂದಿದ್ದಾರೆ, ಒಳ್ಳೆಯವರೇ. ಅವರ ಬಾಗಿಲ ಮುಂದೆ ಹಾದು ಹೋಗುವಾಗ ನಾನು ಫೋನಿನಲ್ಲಿ ಮಾತಾಡುವುದಿಲ್ಲ.

ಭಾನುವಾರ ಜೈಲಿನ ರಸ್ತೆಗೆ ಹೋಗುತ್ತೇನೆ. ಒಬ್ಬಳೇ. ಆ ಬೆಂಚಿಗೆ ಬರುವವರಲ್ಲಿ ಆ ಹೆಸರು ಓದಬಲ್ಲವಳು, ಅದು ಯಾರದೆಂದು ಬಲ್ಲವಳು ಈಗ ನಾನೊಬ್ಬಳು. ಬೇರೆ ಯಾವ ಆಸ್ತಿಯೂ ನನಗೆ ಪುಣೆಯಲ್ಲಿಲ್ಲ, ಇದು ಅವರು ಬಿಟ್ಟು ಹೋದದ್ದು. ಮೊನ್ನೆ ಬೆಂಚಿನಲ್ಲಿ ಹೊಸ ಹೆಂಗಸೊಬ್ಬಳಿದ್ದಳು. ಗಂಡ ಒಳಗಿದ್ದಾನೆ, ಯಾವಾಗ ಬಿಡುತ್ತಾರೋ ತಿಳಿಯದು ಎಂದಳು. ನಾನು ಹಲಗೆ ನೋಡುತ್ತಿದ್ದುದನ್ನು ಕಂಡು, ಇದೇನು ಬರೆದಿದೆ ಎಂದು ಮರಾಠಿಯಲ್ಲಿ ಕೇಳಿದಳು. ಓದಿ ಹೇಳಿದೆ. ರೈಲ್ವೆ ಗಾರ್ಡಿನ ಹೆಂಡತಿ, ಬಾಳೆಲ್ಲ ಹೀಗೇ ಕೂತು ಗಂಡನ ದಾರಿ ಕಾದವರು ಎಂದೆ.

ಅವಳು ಹಲಗೆಯನ್ನೊಮ್ಮೆ ಮುಟ್ಟಿ, ನನ್ನ ಕಡೆ ತಿರುಗಿ, "ಮಗ, ಆಲೇ ಕಾ ತೇ?" ಎಂದಳು. ಅಂದರೆ, ಆಮೇಲೆ ಬಂದರಾ ಅವರು?

"ಬಂದರು" ಎಂದೆ. "ಕಳೆದ ಮಳೆಗಾಲದಲ್ಲಿ."